ಭಾಷಣ ಮುಗಿದ ಮೇಲೆ ಯಾರು ಮಾತಾಡ್ತಾರೆ? ಜಂಟಿ ಅಧಿವೇಶನದ ಕಥೆ, ಲಂಡನ್‌ನಿಂದ ಔರಾದ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬೀದರ್‌ನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಆಟೋ ಸದ್ದು ಕೇಳಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ನಮ್ಮ ಸ್ಟುಡಿಯೋ ಅಂದ್ರೆ ಮನೆ ಮೇಲಿನ ಒಂದು ಖೋಲಿ ಅಷ್ಟೇ.

ಇವತ್ತಿನ ಎಪಿಸೋಡ್ ಒಂದು ವಾಯ್ಸ್ ನೋಟ್‌ನಿಂದ ಶುರು ಆಗಿದ್ದು. ಭಾಲ್ಕಿ ಕಡೆಯ ಒಬ್ಬ ಕೇಳುಗರು ಕಳಿಸಿದ್ದರು. ಅವರು ಕೇಳಿದ್ದು ಇಷ್ಟು: “ಅಣ್ಣಾ, ವರ್ಷಾ ವರ್ಷಾ ಜಂಟಿ ಅಧಿವೇಶನ ಅಂತ ಆಗ್ತದಲ್ಲ, ರಾಜ್ಯಪಾಲರು ಬಂದು ಭಾಷಣ ಓದ್ತಾರ. ಅದರಾಗ ‘ನನ್ನ ಸರ್ಕಾರ, ನನ್ನ ಸರ್ಕಾರ’ ಅಂತಾರ. ಅವರದು ಹ್ಯಾಂಗ ಆಯ್ತು ಸರ್ಕಾರ? ಬರದು ಕೊಟ್ಟವರು ಬ್ಯಾರೆ, ಓದೋರು ಬ್ಯಾರೆ. ಬ್ಯಾಂಡು, ಪೊಲೀಸರ ಸಲಾಮು, ಕೆಂಪು ಹಾಸು, ಇಷ್ಟೆಲ್ಲಾ ಯಾಕ ಬೇಕು? ರೊಕ್ಕ ದಂಡ ಅಲ್ಲೇನು?”

ಖರೇ ಹೇಳ್ಬೇಕು ಅಂದ್ರೆ ನನ್ನ ಅಭಿಪ್ರಾಯವೂ ಹಂಗೇ ಇತ್ತು. ಟಿ.ವಿ.ಯಲ್ಲಿ ಆ ಮೆರವಣಿಗೆ ಬಂದ್ರೆ ಚಾನೆಲ್ ಬದಲಾಯಿಸುವವನು ನಾನು. ಆದ್ರೆ ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ ಮೇಲೆ ಒಂದು ಮಾತು ಹೊಳೀತು. ಮೆರವಣಿಗೆ, ಸಿಂಹಾಸನ, ಭಾಷಣ ಇವೆಲ್ಲ ಹತ್ತೊಂಬತ್ತನೇ ಶತಮಾನದಲ್ಲಿ ಬಹಳ ಕಡೆ ಇದ್ದವು. ಲಂಡನ್‌ನಲ್ಲಿ ಇತ್ತು, ದಿಲ್ಲಿಯಲ್ಲಿ ಇತ್ತು, ಮೈಸೂರಲ್ಲಿ ಇತ್ತು, ನಮ್ಮ ಹೈದರಾಬಾದ್ ಸಂಸ್ಥಾನದಲ್ಲೂ ಇತ್ತು. ನೋಡಿದ್ರೆ ಎಲ್ಲ ಒಂದೇ ಥರ. ಫರಕ್ ಇದ್ದದ್ದು ಒಂದೇ ಕಡೆ: ಭಾಷಣ ಮುಗಿದ ಮೇಲೆ ಯಾರಿಗೆ ಬಾಯಿ ತೆರೆಯೋ ಹಕ್ಕಿತ್ತು? ಈ ಒಂದು ಪ್ರಶ್ನೆ ಹಿಡ್ಕೊಂಡು ನಾಲ್ಕೂ ಕಡೆ ಹೋಗಿ ಬರೋಣ.

ಮೊದಲು ನಮ್ಮ ಇವತ್ತಿನ ವ್ಯವಸ್ಥೆ

ಸಂವಿಧಾನದ 176ನೇ ವಿಧಿ ಪ್ರಕಾರ ಪ್ರತಿ ವರ್ಷದ ಮೊದಲ ಅಧಿವೇಶನದ ಆರಂಭದಲ್ಲಿ, ಮತ್ತೆ ಸಾರ್ವತ್ರಿಕ ಚುನಾವಣೆ ಆದ ಮೇಲಿನ ಮೊದಲ ಅಧಿವೇಶನದಲ್ಲಿ, ರಾಜ್ಯಪಾಲರು ಭಾಷಣ ಮಾಡಬೇಕು. ಕರ್ನಾಟಕದಲ್ಲಿ ವಿಧಾನಸಭೆ ಮತ್ತು ವಿಧಾನ ಪರಿಷತ್ ಎರಡೂ ಇರೋದ್ರಿಂದ ಎರಡೂ ಸದನಗಳ ಸದಸ್ಯರು ಒಂದೇ ಕಡೆ ಸೇರಿ ಅದನ್ನು ಕೇಳ್ತಾರೆ. ಇದನ್ನೇ ನಾವು ಜಂಟಿ ಅಧಿವೇಶನ ಅಂತೀವಿ. ದಿಲ್ಲಿಯಲ್ಲಿ ರಾಷ್ಟ್ರಪತಿಗಳಿಗೆ ಇದೇ ಕೆಲಸ 87ನೇ ವಿಧಿಯಲ್ಲಿದೆ.

ಇನ್ನೊಂದು ಇದೆ, ಅದನ್ನ ಇದರ ಜೊತೆ ಕಲಸಬೇಡಿ. ಒಂದು ಮಸೂದೆ ಬಗ್ಗೆ ಲೋಕಸಭೆ, ರಾಜ್ಯಸಭೆ ನಡುವೆ ಜಗಳ ಬಿದ್ರೆ 108ನೇ ವಿಧಿ ಪ್ರಕಾರ ಇಬ್ಬರನ್ನೂ ಕೂಡಿಸಿ ಮತ ಹಾಕಿಸಬಹುದು. ಸ್ವಾತಂತ್ರ್ಯ ಬಂದ ಮೇಲೆ ಹಂಗೆ ಆಗಿದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದು ಮಾಡೋ ಮಸೂದೆಗೆ, 2002ರಲ್ಲಿ ಪೋಟಾ ಕಾನೂನಿಗೆ. ರಾಜ್ಯಗಳಲ್ಲಿ ಈ ಥರದ ಜಂಟಿ ಮತದಾನ ಇಲ್ಲವೇ ಇಲ್ಲ, ವಿಧಾನಸಭೆಯ ಮಾತೇ ಕೊನೆಗೆ ನಡೆಯೋದು.

ರಾಜ್ಯಪಾಲರ ಭಾಷಣ ಬರೆಯೋದು ಸಚಿವ ಸಂಪುಟ. ಹೋದ ವರ್ಷ ಏನು ಮಾಡಿದ್ವಿ, ಈ ವರ್ಷ ಏನು ಮಾಡ್ತೀವಿ ಅನ್ನೋ ಪಟ್ಟಿ ಅದು. ಅದು ಮುಗಿದ ಮೇಲೆ ಎರಡೂ ಸದನ ಬೇರೆ ಬೇರೆ ಕೂತು ವಂದನಾ ನಿರ್ಣಯದ ಮೇಲೆ ಚರ್ಚೆ ಮಾಡ್ತವೆ. ಹೆಸರಿಗೆ ವಂದನೆ, ಒಳಗೆ ನಡೆಯೋದು ವಿಚಾರಣೆ. ಔರಾದ್‌ನ ಶಾಸಕರು ತಮ್ಮ ತಾಲ್ಲೂಕಿನ ರಸ್ತೆ ಬಗ್ಗೆ ಕೇಳಬಹುದು, ಭಾಲ್ಕಿ ಶಾಸಕರು ಕಬ್ಬಿನ ಬಗ್ಗೆ ಮಾತಾಡಬಹುದು. ತಿದ್ದುಪಡಿ ಕೂಡ ಕೊಡಬಹುದು. ಕೊನೆಗೆ ಮುಖ್ಯಮಂತ್ರಿ ಎದ್ದು ಉತ್ತರ ಹೇಳಲೇಬೇಕು.

ಈ ಇಡೀ ಪದ್ಧತಿ ಬಂದದ್ದು ಲಂಡನ್‌ನಿಂದ. ಅಲ್ಲಿಗೆ ಹೋಗೋಣ.

ಲಂಡನ್: ಬಾಗಿಲು ಹಾಕೋ ಹಕ್ಕು

1834ರ ಅಕ್ಟೋಬರ್ 16ರಂದು ಲಂಡನ್‌ನ ಹಳೇ ಸಂಸತ್ ಕಟ್ಟಡ ಬೆಂಕಿಗೆ ಆಹುತಿ ಆಯ್ತು. ಹೊಸ ಅರಮನೆಯಂಥ ಕಟ್ಟಡ ಎದ್ದಿತು. 1852ರಲ್ಲಿ ವಿಕ್ಟೋರಿಯಾ ರಾಣಿ ಅಲ್ಲಿಗೆ ಸಾರೋಟಿನಲ್ಲಿ ಬಂದು ಅಧಿವೇಶನ ಉದ್ಘಾಟನೆ ಮಾಡಿದರು. ಇವತ್ತು ಟಿ.ವಿ.ಯಲ್ಲಿ ನಾವು ನೋಡೋ ಬ್ರಿಟಿಷ್ ಸಂಸತ್ ಉದ್ಘಾಟನೆಯ ರೂಪ ಗಟ್ಟಿಯಾಗಿದ್ದು ಆಗಿನಿಂದ.

ಕಾರ್ಯಕ್ರಮ ಹೀಗಿರ್ತದೆ. ರಾಜ ಅಥವಾ ರಾಣಿ ಹೋಗಿ ಕೂರೋದು ಮೇಲ್ಮನೆಯಲ್ಲಿ, ಅಂದ್ರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಸಿಂಹಾಸನ ಇರೋದು ಅಲ್ಲೇ. ಜನ ಆರಿಸಿ ಕಳಿಸಿದ ಕಾಮನ್ಸ್ ಸದಸ್ಯರು ಬೇರೆ ಸಭಾಂಗಣದಲ್ಲಿ ಇರ್ತಾರೆ. ಅವರನ್ನ ಕರೆಯೋಕೆ ‘ಬ್ಲ್ಯಾಕ್ ರಾಡ್’ ಅನ್ನೋ ಅಧಿಕಾರಿ ಕೈಯಲ್ಲಿ ಕರೀ ಕೋಲು ಹಿಡ್ಕೊಂಡು ಹೋಗ್ತಾರೆ. ಅವರು ಹತ್ತಿರ ಬಂದ ತಕ್ಷಣ ಕಾಮನ್ಸ್‌ನವರು ಬಾಗಿಲನ್ನ ಅವರ ಮುಖದ ಮೇಲೇ ಹಾಕ್ತಾರೆ! ಅವರು ಮೂರು ಸಲ ಕೋಲಿನಿಂದ ಬಡಿಯಬೇಕು. ಆಮೇಲೆ ತೆಗೀತಾರೆ.

ಯಾಕೆ ಅಂದ್ರೆ, 1642ರಲ್ಲಿ ಒಂದನೇ ಚಾರ್ಲ್ಸ್ ರಾಜ ಐದು ಸದಸ್ಯರನ್ನ ಬಂಧಿಸೋಕೆ ಸೈನಿಕರ ಜೊತೆ ಕಾಮನ್ಸ್ ಸಭೆಗೇ ನುಗ್ಗಿದ್ದ. ಆ ಐವರು ಮೊದಲೇ ತಪ್ಪಿಸಿಕೊಂಡಿದ್ದರು, ಆ ಮಾತು ಬೇರೆ. ‘ನಮ್ಮ ಮನೆಗೆ ನಾವು ಬಿಟ್ರೆ ಮಾತ್ರ ಬರಬೇಕು’ ಅಂತ ಆವತ್ತಿನ ನೆನಪಿಗೆ ಬಾಗಿಲು ಹಾಕೋದು.

ಆಮೇಲೆ ಕಾಮನ್ಸ್ ಸದಸ್ಯರು ಹೋಗಿ ಲಾರ್ಡ್ಸ್ ಸಭೆಯ ಅಂಚಿನ ಕಟಕಟೆ ಹತ್ತಿರ ನಿಂತು ಭಾಷಣ ಕೇಳ್ತಾರೆ. ಲಾರ್ಡ್ಸ್ ಕೂತಿರ್ತಾರೆ, ಜನಪ್ರತಿನಿಧಿಗಳು ನಿಂತಿರ್ತಾರೆ. ನೋಡೋಕೆ ಅವಮಾನದ ಹಾಗೆ ಕಾಣ್ತದೆ. ಆದ್ರೆ ವಾಪಸ್ ತಮ್ಮ ಮನೆಗೆ ಬಂದ ತಕ್ಷಣ ಅವರು ಆ ಭಾಷಣವನ್ನ ಮುಟ್ಟೋದಿಲ್ಲ. ಮೊದಲು ಸಂಬಂಧವೇ ಇಲ್ಲದ ಒಂದು ಮಸೂದೆಯ ಹೆಸರು ಓದ್ತಾರೆ. ಆ ಮಸೂದೆ ಮುಂದೆ ಹೋಗೋದೇ ಇಲ್ಲ. ‘ಏನು ಚರ್ಚೆ ಮಾಡಬೇಕು ಅನ್ನೋದು ನಮ್ಮ ಇಷ್ಟ’ ಅಂತ ತೋರಿಸೋಕೆ ಅಷ್ಟೇ. ಆಮೇಲೆ ಭಾಷಣಕ್ಕೆ ಉತ್ತರದ ಚರ್ಚೆ.

ಈಗ ಒಂದು ಮಜಾ ವಿಷಯ. 1861ರ ಡಿಸೆಂಬರ್‌ನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ವರ್ಷಗಟ್ಟಲೆ ಸಂಸತ್ತಿಗೆ ಬರಲೇ ಇಲ್ಲ. 1866ರಲ್ಲಿ ಬಂದಾಗಲೂ ಸಿಂಹಾಸನದ ಮೇಲೆ ಸುಮ್ಮನೆ ಕೂತಿದ್ದರು, ಭಾಷಣ ಓದಿದ್ದು ಲಾರ್ಡ್ ಚಾನ್ಸಲರ್. 1901ರಲ್ಲಿ ತೀರಿಕೊಳ್ಳೋವರೆಗೆ ಆ 40 ವರ್ಷದಲ್ಲಿ ಅವರು ಖುದ್ದಾಗಿ ಉದ್ಘಾಟನೆಗೆ ಬಂದದ್ದು ಏಳೇ ಸಲ. ಅಂದ್ರೆ ರಾಣಿ ಇಲ್ಲದೇ ಸಮಾರಂಭ ನಡೀತು, ಸಂಸತ್ತಿನ ಕೆಲಸ ಏನೂ ನಿಲ್ಲಲಿಲ್ಲ. ಭಾಲ್ಕಿ ಅಣ್ಣಾವರೇ, ನಿಮ್ಮ ‘ನನ್ನ ಸರ್ಕಾರ’ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಭಾಷಣ ಓದೋ ಬಾಯಿ ಯಾರದಾದರೂ ಇರಲಿ, ಅದರ ಹೊಣೆ ಮಂತ್ರಿಗಳದು. ಹೊಗಳೋದು, ಬೈಯೋದು ಎರಡೂ ಮಂತ್ರಿಗಳನ್ನೇ.

ಆ ಏಳರಲ್ಲಿ ಕೊನೇದು 1886ರ ಜನವರಿ. ಭಾಷಣದ ಹಿಂದಿದ್ದದ್ದು ಪ್ರಧಾನಿ ಸಾಲಿಸ್ಬರಿಯವರ ಸರ್ಕಾರ. ಚರ್ಚೆಯಲ್ಲಿ ಜೆಸ್ಸಿ ಕಾಲಿಂಗ್ಸ್ ಅನ್ನೋ ಸದಸ್ಯ ಒಂದು ತಿದ್ದುಪಡಿ ತಂದರು: ಕೃಷಿ ಕೂಲಿಕಾರರಿಗೆ ಸಣ್ಣ ಜಮೀನು ಸಿಗೋ ಹಾಗೆ ಮಾಡೋ ಮಾತು ಈ ಭಾಷಣದಲ್ಲಿ ಇಲ್ಲ, ಇದು ಬೇಸರದ ವಿಷಯ ಅಂತ. ಮತಕ್ಕೆ ಹಾಕಿದ್ರು. ಸರ್ಕಾರ 79 ಮತಗಳಿಂದ ಸೋತಿತು. ಸಾಲಿಸ್ಬರಿ ರಾಜೀನಾಮೆ ಕೊಟ್ಟರು, ಗ್ಲಾಡ್‌ಸ್ಟನ್ ಬಂದರು. ಒಳಗಿನ ರಾಜಕೀಯ ಲೆಕ್ಕ ಐರ್ಲೆಂಡ್ ವಿಷಯದ್ದಿತ್ತು, ಕೂಲಿಕಾರರ ಮೇಲಿನ ಪ್ರೀತಿ ಒಂದೇ ಅಲ್ಲ. ಆದ್ರೂ ರಾಣಿ ಖುದ್ದಾಗಿ ಬಂದು ಕೂತ ಸಮಾರಂಭ ಆಗಿ ಒಂದು ವಾರದೊಳಗೆ, ಅದೇ ಭಾಷಣಕ್ಕೆ ಕೊಟ್ಟ ಉತ್ತರದಿಂದ ಒಂದು ಸರ್ಕಾರ ಬಿತ್ತು. ಮುಂದಿನ ವರ್ಷ, 1887ರಲ್ಲಿ, ಕೂಲಿಕಾರರಿಗೆ ತುಂಡು ಜಮೀನು ಕೊಡೋ ಕಾಯ್ದೆಯೂ ಬಂತು.

ದಿಲ್ಲಿ, 1877: ಉತ್ತರ ಇಲ್ಲದ ಸಭೆ

ಅದೇ ರಾಣಿಯ ಹೆಸರಿನಲ್ಲಿ ನಮ್ಮ ದೇಶದಲ್ಲಿ ನಡೆದ ಸಮಾರಂಭ ನೋಡಿ. 1877ರ ಜನವರಿ 1ರಂದು ವೈಸ್‌ರಾಯ್ ಲಿಟ್ಟನ್ ದಿಲ್ಲಿಯಲ್ಲಿ ದೊಡ್ಡ ದರ್ಬಾರ್ ನಡೆಸಿ, ವಿಕ್ಟೋರಿಯಾ ಇನ್ನು ಮುಂದೆ ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದರು. ದೇಶದ ರಾಜ ಮಹಾರಾಜರೆಲ್ಲ ಸೇರಿದ್ದರು. ಹೈದರಾಬಾದ್‌ನ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಬಂದಿದ್ದರು, ಆಗ ಅವರಿಗೆ 10 ವರ್ಷ, ಜೊತೆಗೆ ದಿವಾನ ಸಾಲಾರ್ ಜಂಗ್. ಮೈಸೂರಿನ ಚಾಮರಾಜೇಂದ್ರ ಒಡೆಯರ್ ಬಂದಿದ್ದರು, ಅವರಿಗೆ 13. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು.

ಒಂದಿಬ್ಬರು ಎದ್ದು ಅಭಿನಂದನೆ ಹೇಳಿದ್ದು ಬಿಟ್ರೆ ಅಲ್ಲಿ ಪ್ರಶ್ನೆ ಇರಲಿಲ್ಲ, ಚರ್ಚೆ ಇರಲಿಲ್ಲ, ಮತ ಅಂತೂ ದೂರದ ಮಾತು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಭೀಕರ ಬರಗಾಲ ನಡೀತಾ ಇತ್ತು. ಮೈಸೂರು, ಮದ್ರಾಸ್, ಮುಂಬೈ ಪ್ರಾಂತ್ಯ, ಹೈದರಾಬಾದ್ ಸಂಸ್ಥಾನದ ರಾಯಚೂರು ಸೀಮೆ ಎಲ್ಲಾ ಕಡೆ ಜನ ಸಾಯ್ತಾ ಇದ್ದರು. ಬರ ಪರಿಹಾರದ ಕಾಮಗಾರಿಯಲ್ಲಿ ದುಡಿಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ ಅರ್ಧ ಕೆ.ಜಿ.ಗಿಂತ ಕಡಿಮೆ ಧಾನ್ಯದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಸಾಕು ಅಂತ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದೂ ಅದೇ 1877ರಲ್ಲಿ. ದಿಲ್ಲಿ ದರ್ಬಾರ್‌ನಲ್ಲಿ ‘ಇದು ಸಾಲ್ತದಾ?’ ಅಂತ ಕೇಳೋಕೆ ಒಬ್ಬ ರೈತನಿಗೂ ಜಾಗ ಇರಲಿಲ್ಲ.

ಮೈಸೂರು, 1881: ದಸರಾ ಮುಗಿದ ಮೇಲೆ ಲೆಕ್ಕ

ಈಗ ನಮ್ಮ ಕನ್ನಡ ನಾಡಿಗೆ ಬರೋಣ. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. 50 ವರ್ಷದ ಕಮಿಷನರ್ ಆಡಳಿತ ಮುಗೀತು. ದಿವಾನರಾಗಿ ಬಂದವರು ಸಿ.ವಿ. ರಂಗಾಚಾರ್ಲು.

ಅವರ ಕೈಗೆ ಬಂದ ಲೆಕ್ಕಪತ್ರ ನೋಡಿ, ನಾನು ಬಿ.ಕಾಂ. ಓದಿದವನು, ಇಲ್ಲಿ ಸ್ವಲ್ಪ ನಿಲ್ಲಲೇಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ಕ್ಕೆ ಅದು 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೀಬೇಕಾದ ಜನ ಬರಗಾಲಕ್ಕೆ ಬಲಿಯಾಗಿದ್ದರು. ಬರದ ಖರ್ಚಿನ ಸಾಲ 80 ಲಕ್ಷ ರೂಪಾಯಿ ತಲೆ ಮೇಲಿತ್ತು. ಅದರ ಮೇಲೆ ಬ್ರಿಟಿಷರಿಗೆ ಕೊಡೋ ವಾರ್ಷಿಕ ಕಪ್ಪವನ್ನ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದ್ದರು. ಏರಿಕೆಯನ್ನ ಐದು ವರ್ಷ ಮುಂದೂಡಿದ್ದೇ ದೊಡ್ಡ ಉಪಕಾರ. ಒಂದು ಕಂಪನಿ ಆಗಿದ್ರೆ ಯಾವ ಬ್ಯಾಂಕೂ ಹತ್ತಿರ ಬರ್ತಿರಲಿಲ್ಲ.

ಅಂಥ ಹೊತ್ತಲ್ಲಿ 1881ರ ಆಗಸ್ಟ್ 25ರಂದು ಒಂದು ಆದೇಶ ಹೊರಟಿತು. ಸಾರಾಂಶ ಇಷ್ಟು: ಸರ್ಕಾರ ಏನು ಮಾಡ್ತಾ ಇದೆ, ಯಾಕೆ ಮಾಡ್ತಾ ಇದೆ ಅಂತ ಜನರಿಗೆ ತಿಳೀಬೇಕು. ಅದಕ್ಕೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ರೈತರು, ಜೊತೆಗೆ ಪ್ರಮುಖ ವ್ಯಾಪಾರಿಗಳು ದಸರಾ ಮುಗಿದ ಕೂಡಲೇ ಮೈಸೂರಲ್ಲಿ ಸೇರಬೇಕು. ದಿವಾನರು ಹೋದ ವರ್ಷದ ಆಡಳಿತದ ಫಲ, ಬರೋ ವರ್ಷದ ಯೋಜನೆ ಅವರ ಮುಂದೆ ಇಡ್ತಾರೆ. ಬಂದವರು ತಮ್ಮ ಊರಿನ ಬೇಕು ಬೇಡ ಹೇಳಬೇಕು.

1881ರ ಅಕ್ಟೋಬರ್ 7ರಂದು 144 ಸದಸ್ಯರ ಮೊದಲ ಸಭೆ ಸೇರಿತು. ಇದೇ ಮೈಸೂರು ಪ್ರಜಾ ಪ್ರತಿನಿಧಿ ಸಭೆ. ಭಾರತದ ದೇಶೀ ಸಂಸ್ಥಾನಗಳಲ್ಲಿ ಈ ಥರದ್ದು ಇದೇ ಮೊದಲು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟೋಕೂ ಇನ್ನೂ ನಾಲ್ಕು ವರ್ಷ ಇತ್ತು.

ಇಲ್ಲಿ ದಸರಾ ಅನ್ನೋದು ಮುಖ್ಯ. ಒಂದೇ ಊರು, ಒಂದೇ ಹಬ್ಬದ ಆಸುಪಾಸು, ಎರಡು ಥರದ ಸಭೆ. ಒಂದು ಅರಮನೆಯ ದರ್ಬಾರ್: ಮಹಾರಾಜರು ಸಿಂಹಾಸನದಲ್ಲಿ, ಬಂದವರು ಸಾಲಾಗಿ ಬಂದು ಕಾಣಿಕೆ ಒಪ್ಪಿಸಿ ಸುಮ್ಮನೆ ಹಿಂದೆ ಸರಿಯೋದು. ಇನ್ನೊಂದು ಈ ಸಭೆ: ಅಧ್ಯಕ್ಷತೆ ದಿವಾನರದು, ಅವರು ವರದಿ ಓದ್ತಾರೆ, ಆಮೇಲೆ ತಾಲ್ಲೂಕಿನಿಂದ ಬಂದವರು ಎದ್ದು ನಿಂತು ‘ನಮ್ಮ ಕೆರೆ ಒಡೆದು ಎಷ್ಟು ದಿನ ಆಯ್ತು, ನಮ್ಮ ರಸ್ತೆ ಯಾವಾಗ’ ಅಂತ ಕೇಳಬಹುದು.

ನಮ್ಮ ಕಾಮರ್ಸ್ ಭಾಷೆಯಲ್ಲಿ ಇದು ವಾರ್ಷಿಕ ಮಹಾಸಭೆ, ಎ.ಜಿ.ಎಂ. ಇದ್ದ ಹಾಗೆ. ನಿರ್ದೇಶಕರ ವರದಿ ಓದ್ತಾರೆ, ಷೇರುದಾರರು ಪ್ರಶ್ನೆ ಕೇಳ್ತಾರೆ. ಒಂದು ದೊಡ್ಡ ಕೊರತೆ ಮಾತ್ರ ಇತ್ತು: ಈ ಷೇರುದಾರರಿಗೆ ಮತ ಇರಲಿಲ್ಲ. ಸಭೆ ಕಾನೂನು ಮಾಡುವಂತಿರಲಿಲ್ಲ, ಬಜೆಟ್ ತಡೆಯುವಂತಿರಲಿಲ್ಲ, ದಿವಾನರನ್ನ ಇಳಿಸುವಂತಿರಲಿಲ್ಲ. ಮೊದಲಿಗೆ ಬಂದವರು ಚುನಾಯಿತರೂ ಅಲ್ಲ, ಸ್ಥಳೀಯ ಮಂಡಳಿಗಳು ಹೆಸರಿಸಿ ಕಳಿಸಿದವರು. ಜಮೀನು ಇರೋರು, ವ್ಯಾಪಾರ ಇರೋರು. ಕೂಲಿ ಮಾಡೋರು ಅಲ್ಲಿ ಕಾಣೋದಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ.

ಆದ್ರೆ ಬಾಗಿಲು ಒಂದು ಸಲ ತೆಗೆದ ಮೇಲೆ ಏನಾಗ್ತದೆ ನೋಡಿ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಮುಂದೆ ಬಂದ ದಿವಾನ ಕೆ. ಶೇಷಾದ್ರಿ ಅಯ್ಯರ್ 1901ರವರೆಗೆ ಇದ್ದರು. ಸಭೆ ನಿಲ್ಲಲಿಲ್ಲ. 1890ರ ದಶಕದ ಆರಂಭಕ್ಕೆ ಆಸ್ತಿ, ಕಂದಾಯದ ಅರ್ಹತೆ ಇದ್ದವರು ಸದಸ್ಯರನ್ನ ಆರಿಸೋ ಪದ್ಧತಿ ಬಂತು. ಅದೇ ದಶಕದಲ್ಲಿ ಬಾಲ್ಯವಿವಾಹದ ಪ್ರಶ್ನೆ ಈ ಸಭೆಯಲ್ಲಿ ಚರ್ಚೆಗೆ ಬಂತು. 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನ, 50 ದಾಟಿದ ಗಂಡಸರು 14ರೊಳಗಿನ ಹುಡುಗಿಯರನ್ನ ಮದುವೆ ಆಗೋದನ್ನ ಮೈಸೂರು ಸರ್ಕಾರ ನಿಷೇಧಿಸಿತು. ಇವತ್ತಿಗೆ ಅದು ಬಹಳ ಕಡಿಮೆ ಅನ್ನಿಸ್ತದೆ. ಆ ಕಾಲಕ್ಕೆ ಜನರ ಮುಂದೆ ವಾದ ಮಾಡಿ ಅಷ್ಟು ತಂದದ್ದು ಸಣ್ಣ ಮಾತಲ್ಲ.

1907ರಲ್ಲಿ ಕಾನೂನು ಮಾಡೋಕೆ ಬೇರೆಯೇ ಒಂದು ಕೌನ್ಸಿಲ್ ಬಂತು, ಹಂಗಾಗಿ ಮೈಸೂರಿಗೆ ಎರಡು ಮನೆ ಆದವು. 1923ರ ಸುಧಾರಣೆಯಲ್ಲಿ ಹೆಂಗಸರಿಗೂ ಮತದ ಹಕ್ಕು ಸಿಕ್ಕಿತು. ಮತ ಇಲ್ಲದ ಆ ಎ.ಜಿ.ಎಂ. 40 ವರ್ಷದಲ್ಲಿ ಅಲ್ಲಿಗೆ ಬಂದು ಮುಟ್ಟಿತ್ತು.

ನಮ್ಮ ಕಡೆ ಏನಿತ್ತು?

ಇಷ್ಟು ಓದುವಾಗ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಇದೊಂದೇ. 1881ರಲ್ಲಿ ಮೈಸೂರು ಸೀಮೆಯ ತಾಲ್ಲೂಕಿನ ರೈತ ದಿವಾನರ ಎದುರು ನಿಂತು ಮಾತಾಡುವಾಗ, ಬೀದರ್, ಭಾಲ್ಕಿ, ಔರಾದ್‌ನ ರೈತ ಎಲ್ಲಿದ್ದ?

ದರ್ಬಾರ್ ನಮಗೆ ಹೊಸದಲ್ಲ. ಬೀದರ್ ಕೋಟೆಗೆ ಹೋಗಿ, ಬಹಮನಿ ಸುಲ್ತಾನರ ದೀವಾನ್-ಎ-ಆಮ್ ನೋಡಿ. ಕಟ್ಟಿಗೆಯ ಕಂಬಗಳು ಹೋಗಿವೆ, ಅವು ನಿಂತಿದ್ದ ಕಲ್ಲಿನ ಪೀಠಗಳು ಉಳಿದಿವೆ. ಆಮ್ ಅಂದ್ರೆ ಸಾಮಾನ್ಯ ಜನ. ಜನ ಬರ್ತಿದ್ದರು, ಅರ್ಜಿ ಕೊಡ್ತಿದ್ದರು, ಹೋಗ್ತಿದ್ದರು. ಕೊಡೋದು ಬಿಡೋದು ಸುಲ್ತಾನರ ಮರ್ಜಿ.

ಹತ್ತೊಂಬತ್ತನೇ ಶತಮಾನಕ್ಕೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆಡಳಿತ ಸುಧಾರಣೆ ಅಲ್ಲೂ ಆಯ್ತು, ಇಲ್ಲ ಅನ್ನೋದಿಲ್ಲ. ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲ್ಲಾಬಂದಿ ಮಾಡಿ ಜಿಲ್ಲೆ, ತಾಲ್ಲೂಕು ಅಂತ ಕ್ರಮ ತಂದರು. ಆದ್ರೆ ಸಂಸ್ಥಾನದ ಜಮೀನೆಲ್ಲ ಒಂದೇ ಆಡಳಿತದಲ್ಲಿ ಇರಲಿಲ್ಲ. ಸರ್ಕಾರದ ದಿವಾನಿ ಹಳ್ಳಿಗಳು ಒಂದು ಕಡೆ, ನಿಜಾಮರ ಸ್ವಂತದ ಸರ್ಫ್-ಎ-ಖಾಸ್ ಇನ್ನೊಂದು ಕಡೆ, ಪಾಯಗಾಗಳು, ಜಾಗೀರುಗಳು ಮತ್ತೊಂದು ಕಡೆ. ಯಾವ ಊರಿನವನು ಯಾರ ಮುಂದೆ ಗೋಳು ಹೇಳಬೇಕು ಅನ್ನೋದೇ ಬೇರೆ ಬೇರೆ.

1884ರ ಫೆಬ್ರವರಿ 5ರಂದು ವೈಸ್‌ರಾಯ್ ರಿಪನ್ ಹೈದರಾಬಾದ್‌ಗೆ ಬಂದು ಮಹಬೂಬ್ ಅಲಿ ಖಾನರಿಗೆ ಪೂರ್ಣ ಅಧಿಕಾರ ವಹಿಸಿದರು. ಭಾರೀ ಸಮಾರಂಭ. ಮೈಸೂರು ಸಭೆ ಆಗ ಮೂರು ವರ್ಷವೂ ತುಂಬದ ಕೂಸು. ಇಲ್ಲಿ ದರ್ಬಾರ್‌ಗೆ ಹೋಗೋದು ಅಂದ್ರೆ ನಜರ್ ಒಪ್ಪಿಸಿ, ಬಗ್ಗಿ ಸಲಾಮು ಮಾಡಿ, ಹಿಂದಕ್ಕೆ ಸರಿಯೋದು. 1890ರ ದಶಕದಲ್ಲಿ ಹೈದರಾಬಾದ್‌ಗೂ ಕಾನೂನು ಮಾಡೋ ಒಂದು ಕೌನ್ಸಿಲ್ ಬಂತು. ಅದರಲ್ಲಿ ಅಧಿಕಾರಿಗಳದ್ದೇ ಮೇಲುಗೈ. ತಾಲ್ಲೂಕಿನ ರೈತರನ್ನ ಕರೆದು, ವರ್ಷದ ಲೆಕ್ಕ ಓದಿ, ನಿಮ್ಮ ಮಾತು ಹೇಳ್ರಿ ಅನ್ನೋ ಸಭೆ ಅದು ಆಗಿರಲಿಲ್ಲ.

ಅದರ ಮೇಲೆ ಭಾಷೆ. 1880ರ ದಶಕದಲ್ಲಿ ಆಡಳಿತ ಭಾಷೆ ಪಾರ್ಸಿಯಿಂದ ಉರ್ದುವಿಗೆ ಬದಲಾಯ್ತು. ಕನ್ನಡ, ಮರಾಠಿ, ತೆಲುಗು ಆಡೋ ರೈತನಿಗೆ ಅರ್ಜಿ ಬರೆಸೋಕೇ ಇನ್ನೊಬ್ಬ ಬೇಕು. ಇದು ಎಷ್ಟು ದಿನ ನಡೀತು ಅಂದ್ರೆ, ಮುಂದೆ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನ ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಎಲ್ಲರೂ ಹೇಳ್ತಾರೆ.

ನಮ್ಮ ಮುತ್ಯಾ ಔರಾದ್ ಕಡೆಯವರು. ನಿಜಾಮರ ಕೊನೇ ದಿನಗಳಲ್ಲಿ ಅವರು ಸಣ್ಣ ಹುಡುಗ. ಅವರ ಅಪ್ಪ ಒಂದು ಬಾಂದಿನ ತಂಟೆಗೆ ಅರ್ಜಿ ಕೊಡೋಕೆ ಬಂಡಿ ಕಟ್ಟಿಕೊಂಡು ಬೀದರ್‌ಗೆ ಬಂದಿದ್ದರಂತೆ. ಮುತ್ಯಾ ಹೇಳೋ ಮಾತು ಇದು: “ಬರದವ ಏನ್ ಬರದಾನ ಅಂತ ನಮ್ಮಪ್ಪಗ ಗೊತ್ತಿಲ್ಲ. ತಗೊಂಡವ ಏನ್ ಓದ್ಯಾನ ಅಂತನೂ ಗೊತ್ತಿಲ್ಲ. ಎರಡು ದಿನ ದಫ್ತರ್ ಮುಂದ ಕುಂತು ಬಂದ. ಜವಾಬ್ ಬರಲೇ ಇಲ್ಲ.”

ನಾನು ಕೇಳಿದೆ, ಮತ್ತೆ ಹೋಗಿ ಕೇಳಲಿಲ್ಲವಾ ಮುತ್ಯಾ ಅಂತ. ಅವರು ನಕ್ಕರು. “ಯಾರಿಗಿ ಕೇಳ್ಬೇಕು? ಕೇಳೋ ಜಾಗ ಎಲ್ಲಿತ್ತು?”

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಯ್ತು, ನಿಜಾಮರ ಆಡಳಿತ ಮುಗೀತು. 1952ರ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ವಯಸ್ಕರೆಲ್ಲ, ಗಂಡಸರು ಹೆಂಗಸರು, ಭೂಮಿ ಇದ್ದವರು ಇಲ್ಲದವರು, ಹೈದರಾಬಾದ್ ವಿಧಾನಸಭೆಗೆ ಮತ ಹಾಕಿದರು. ಮೈಸೂರಿನಲ್ಲಿ 40, 70 ವರ್ಷ ಹಿಡಿದ ಮೆಟ್ಟಿಲುಗಳನ್ನ ನಾವು ನಾಲ್ಕೇ ವರ್ಷದಲ್ಲಿ ಹತ್ತಿದೆವು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಉದಗೀರ, ನಿಲಂಗಾ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ್ ಆಂಧ್ರದ ಕಡೆಗೆ ಹೋದವು. ಆವತ್ತಿನಿಂದ ನಮ್ಮ ಕೇಳೋ ಜಾಗ ಸುಮಾರು 700 ಕಿ.ಮೀ. ದೂರದ ಬೆಂಗಳೂರು.

ಹಾಗಾದ್ರೆ ಕೆಂಪು ಹಾಸು ಬೇಕಾ?

ಭಾಲ್ಕಿ ಅಣ್ಣಾವರ ಪ್ರಶ್ನೆಗೆ ವಾಪಸ್ ಬರೋಣ. ಬ್ಯಾಂಡು ಬೇಕಾ ಬೇಡವಾ ಅಂತ ಕೇಳಿದ್ರೆ ನನಗೆ ಅದರ ಬಗ್ಗೆ ದೊಡ್ಡ ಹಟ ಇಲ್ಲ. ಕಡಿಮೆ ಖರ್ಚಲ್ಲಿ ಮಾಡಿದ್ರೆ ಚಲೋ. ಆದ್ರೆ ಆ ದಿನ ವರ್ಷಕ್ಕೊಮ್ಮೆ ಬರಲೇಬೇಕು. ಯಾಕಂದ್ರೆ ಆ ದಿನ ಸರ್ಕಾರ ತನ್ನ ಲೆಕ್ಕವನ್ನ ಬರಹದಲ್ಲಿ ಜನಪ್ರತಿನಿಧಿಗಳ ಮುಂದೆ ಇಡೋಕೆ ಕಟ್ಟುಬಿದ್ದಿದೆ. ಸಮಾರಂಭ ಅದಕ್ಕೆ ಹೊದಿಸಿದ ಬಟ್ಟೆ. ನಾವು ಬಟ್ಟೆ ನೋಡಿ ಚಾನೆಲ್ ಬದಲಾಯಿಸಿ ಬಿಡ್ತೀವಿ, ಮರುದಿನದಿಂದ ಶುರು ಆಗೋ ಚರ್ಚೆ ನೋಡೋದೇ ಇಲ್ಲ. ಮುತ್ಯಾನ ಅಪ್ಪನಿಗೆ ಸಿಗದಿದ್ದದ್ದು ಆ ಚರ್ಚೆ.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಇದೆ. ಸಂವಿಧಾನದ 371ಜೆ ವಿಧಿ, ಅಂದ್ರೆ 98ನೇ ತಿದ್ದುಪಡಿ, ನಮಗೆ ಗೊತ್ತಿರೋದು ನೌಕರಿ, ಕಾಲೇಜು ಸೀಟಿನ ಮೀಸಲಾತಿಗೆ. ಅದರಲ್ಲೇ ಇನ್ನೊಂದು ಸಾಲಿದೆ: ಈ ಭಾಗದ ಅಭಿವೃದ್ಧಿಗೆ ಒಂದು ಮಂಡಳಿ ಇರಬೇಕು, ಮಂಡಳಿ ಹೇಗೆ ಕೆಲಸ ಮಾಡಿತು ಅನ್ನೋ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು. ಆ ಮಂಡಳಿಯೇ ಇವತ್ತಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಏಳು ಜಿಲ್ಲೆಗಳಿಗೆ ಸೇರಿದ್ದು. ರಂಗಾಚಾರ್ಲು ದಸರಾ ಮುಗಿಸಿ ಓದುತ್ತಿದ್ದ ವರದಿಯ ಥರದ್ದೇ ಇದು, ನಮ್ಮ ಹೆಸರಲ್ಲೇ ಬರೋದು. ಮೈಸೂರು ರೈತನಿಗೆ ಇಲ್ಲದಿದ್ದ ಮತ ನಮಗಿದೆ. ಬೀದರ್ ಜಿಲ್ಲೆಯಿಂದ ಆರು ಶಾಸಕರು ಹೋಗ್ತಾರೆ. ಆ ವರದಿ ಬಂದ ದಿನ ಅವರಲ್ಲಿ ಯಾರು ಎದ್ದು ಏನು ಕೇಳಿದ್ರು ಅಂತ ನಾವು ಅವರನ್ನ ಕೇಳ್ತೀವಾ? ನಾನಂತೂ ಇವತ್ತಿನವರೆಗೆ ಕೇಳಿಲ್ಲ.

ಇನ್ನೂ ಹತ್ತಿರದ್ದು ಹೇಳ್ತೀನಿ. ಕೆಲವು ತಿಂಗಳ ಹಿಂದೆ ಒಂದು ಗ್ರಾಮಸಭೆಗೆ ಹೋಗಿದ್ದೆ, ಊರಿನ ಹೆಸರು ಬೇಡ. ಶಾಮಿಯಾನ ಹಾಕಿದ್ರು, ದೀಪ ಹಚ್ಚಿದ್ರು, ಒಂಬತ್ತು ಜನರಿಗೆ ಶಾಲು ಹೊದಿಸಿದ್ರು. ಭಾಷಣ ಆಯ್ತು. ಆಮೇಲೆ ರಿಜಿಸ್ಟರ್ ಬಂತು, ಎಲ್ಲರೂ ಸಹಿ ಹಾಕಿದ್ರು, ಉಪ್ಪಿಟ್ಟು ತಿಂದು ಎದ್ದರು. ಜಮಾ ಖರ್ಚು ಓದಲೇ ಇಲ್ಲ. ಹಿಂದೆ ಕೂತಿದ್ದ ಒಬ್ಬ ಕಾಕಾ ಎದ್ದು “ನಮ್ಮ ಓಣಿ ನೀರಿನ ಪೈಪ್ ಯಾವ ವರ್ಷದ ಲೆಕ್ಕದಾಗ ಅದರೀ?” ಅಂತ ಕೇಳಿದ್ರು. ಮೈಕ್ ಅಷ್ಟೊತ್ತಿಗೆ ಬಂದ್ ಆಗಿತ್ತು. ನಾನೂ ಸಹಿ ಹಾಕಿ ಉಪ್ಪಿಟ್ಟು ತಿಂದವರಲ್ಲಿ ಒಬ್ಬ. ಕಾಕಾನ ಜೊತೆ ನಿಂತು ಇನ್ನೊಂದು ಸಲ ಕೇಳಲಿಲ್ಲ. ಈ ಎಪಿಸೋಡ್ ಮಾಡುವಾಗ ಅದೇ ನೆನಪಾಗ್ತಾ ಇತ್ತು.

ಅದಕ್ಕೆ ಒಂದು ವಿನಂತಿ. ಮುಂದಿನ ಸಲ ರಾಜ್ಯಪಾಲರ ಭಾಷಣ ಆದ ಮೇಲೆ ನಿಮ್ಮ ಶಾಸಕರು ವಂದನಾ ನಿರ್ಣಯದ ಮೇಲೆ ಮಾತಾಡಿದ್ರಾ ಅಂತ ನೋಡಿ. ಊರಿಗೆ ಬಂದಾಗ ಮಂಡಳಿ ವರದಿ ಬಗ್ಗೆ ಒಂದು ಪ್ರಶ್ನೆ ಕೇಳಿ. ನಿಮ್ಮ ಗ್ರಾಮಸಭೆಯಲ್ಲಿ ಜಮಾ ಖರ್ಚು ಓದೋವರೆಗೆ ಸಹಿ ಹಾಕಬೇಡಿ. ನಾನು ಮುಂದಿನ ಗ್ರಾಮಸಭೆಗೆ ಅದೇ ಊರಿಗೆ ಹೋಗ್ತೀನಿ, ಆ ಕಾಕಾನ ಪೈಪಿನ ಲೆಕ್ಕ ಕೇಳ್ತೀನಿ. ಏನು ಉತ್ತರ ಬಂತು ಅಂತ ಇಲ್ಲೇ ಬಂದು ಹೇಳ್ತೀನಿ.

ಇನ್ನು ‘ಬಸವಕಲ್ಯಾಣದ ಅನುಭವ ಮಂಟಪದ ಹೆಸರೇ ಎತ್ತಲಿಲ್ಲವಲ್ಲ’ ಅಂತ ಕೆಲವರು ಬೈತೀರಿ, ಗೊತ್ತು. ಅದು ಹನ್ನೆರಡನೇ ಶತಮಾನದ ದೊಡ್ಡ ವಿಷಯ, ನಡುವೆ ತುರುಕಿ ಹಾಳು ಮಾಡೋದು ಬೇಡ ಅನ್ನಿಸ್ತು. ಅದಕ್ಕೆ ಬೇರೆ ಎಪಿಸೋಡ್ ಮಾಡೋಣ. ಅಲ್ಲಿಯವರೆಗೆ ವಾಯ್ಸ್ ನೋಟ್ ಕಳಿಸ್ತಾ ಇರ್ರಿ.